ಲೆಕ್ಕ ಅಂಗಳದಿಂದಲೇ ಶುರುವಾಗಲಿ: ದೂರ ಹಾರುವ ಮಕ್ಕಳಿಗೆ ಕಿವಿಮಾತು

ಬಂಟ್ವಾಳ ತಾಲೂಕಿನ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸಿದವಳು. ಪಾಠ ಕೇಳಿದ ಮಕ್ಕಳಲ್ಲಿ ಬಹಳ ಮಂದಿ ಈಗ ದುಬೈ, ದೋಹಾ, ಕುವೈತ್, ಕ್ಯಾಲಿಫೋರ್ನಿಯಾ ಅಂತ ಚದುರಿಹೋಗಿದ್ದಾರೆ. ಹೊರಡುವ ಮುಂಚೆ ಮನೆಗೆ ಬಂದು ಹೇಳಿ ಹೋಗುವ ಪದ್ಧತಿಯನ್ನು ಮಾತ್ರ ಅವರು ಬಿಟ್ಟಿಲ್ಲ. ಜೊತೆಗೆ ಬಂದ ತಾಯಿ ಪ್ರತಿ ಸಲವೂ ಕೇಳುವುದು ಒಂದೇ ಮಾತು: "ಟೀಚರ್, ಅಲ್ಲಿಗೆ ಎಷ್ಟು ದೂರ? ಎಷ್ಟು ಹೊತ್ತು ಬೇಕು?" ಮಗ ಮೊಬೈಲಿನಲ್ಲಿ ಎರಡು ಸಂಖ್ಯೆ ತೋರಿಸಿ ಆಕೆಯನ್ನು ಸಮಾಧಾನ ಮಾಡುತ್ತಾನೆ. ಆ ಸಂಖ್ಯೆಗಳಲ್ಲಿ ಸುಳ್ಳಿಲ್ಲ, ಆದರೆ ಆ ತಾಯಿ ಕೇಳಿದ ಪ್ರಶ್ನೆಗೆ ಅವು ಉತ್ತರವೂ ಆಗುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಮೊದಲ ಸಲ ವಿಮಾನ ಹತ್ತುವವರಿಗೂ ಅವರನ್ನು ಕಳಿಸಿಕೊಡುವವರಿಗೂ ನಾನು ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

• ಮೊಬೈಲ್ ತೋರಿಸುವ ದೂರ ರನ್‌ವೇಯಿಂದ ರನ್‌ವೇಗೆ. ಮಂಗಳೂರಿನಿಂದ ದುಬೈಗೆ ಸುಮಾರು 2,460 ಕಿ.ಮೀ., ಮೂರೂವರೆ ಗಂಟೆ. ನಿಮ್ಮ ಪ್ರಯಾಣ ಶುರುವಾಗುವುದು ಮನೆಯ ಅಂಗಳದಿಂದ, ಮುಗಿಯುವುದು ಅಲ್ಲಿನ ರೂಮಿನ ಬಾಗಿಲಲ್ಲಿ. ಉಜಿರೆಯ ಹುಡುಗನೊಬ್ಬ ರಾತ್ರಿ 9.10ರ ವಿಮಾನದಲ್ಲಿ ಹೋಗಿ ಶಾರ್ಜಾದ ರೂಮು ಸೇರಬೇಕು ಎಂದಿಟ್ಟುಕೊಳ್ಳಿ. ಉಜಿರೆಯಿಂದ ಮಂಗಳೂರು ವಿಮಾನ ನಿಲ್ದಾಣ ಇರುವ ಬಜಪೆ ಬಳಿಯ ಕೆಂಜಾರಿಗೆ ದಾರಿಯ ಅಡಚಣೆಯೂ ಸೇರಿ ಎರಡೂವರೆ ಗಂಟೆ. ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ. ಹಾರಾಟ ಮೂರೂವರೆ. ಇಳಿದ ಮೇಲೆ ಇಮಿಗ್ರೇಷನ್, ಲಗೇಜು ಅಂತ ಒಂದು ಗಂಟೆ. ದುಬೈಯಿಂದ ಶಾರ್ಜಾಕ್ಕೆ ರಸ್ತೆಯಲ್ಲಿ ಇನ್ನೊಂದು. ಒಟ್ಟು ಹನ್ನೊಂದು ಗಂಟೆ. ಆಕಾಶದಲ್ಲಿ ಕಳೆಯುವುದು ಅದರ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಅಮ್ಮನಿಗೆ ಹನ್ನೊಂದು ಅಂತಲೇ ಹೇಳಿ. ಮೂರೂವರೆ ಅಂತ ಹೇಳಿ ಹೋದರೆ ಉಳಿದ ಏಳೂವರೆ ಗಂಟೆ ಆಕೆ ಫೋನ್ ಕೈಯಲ್ಲಿ ಹಿಡಿದು ಕೂರುತ್ತಾರೆ.

• ವಿಮಾನ ನಿಲ್ದಾಣದ ದಾರಿ ಮೂರು ತಾಲೂಕಿಗೂ ಬೇರೆ ಬೇರೆ. ಮೂಡುಬಿದಿರೆಯವರಿಗೆ ಎಡಪದವು, ಗಂಜಿಮಠ, ಕೈಕಂಬ ದಾಟಿದರೆ ಬಜಪೆ ಬಂತು. ಕಟೀಲಿನಲ್ಲಿ ಕೈಮುಗಿದು ಹೋಗಬೇಕೆನ್ನುವವರು ಕಿನ್ನಿಗೋಳಿ ದಾರಿ ಹಿಡಿಯುತ್ತಾರೆ; ಅವರು ದೇವಸ್ಥಾನದ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ಬಿ.ಸಿ.ರೋಡಿನವರಿಗೆ ಪೊಳಲಿ, ಅಡ್ಡೂರು, ಕೈಕಂಬದ ಒಳದಾರಿ ಹತ್ತಿರ. ಮಂಗಳೂರು ಪೇಟೆಗೆ ಹೋಗಿ ಪಡೀಲು, ನಂತೂರಿನ ವಾಹನಸಾಲಿನಲ್ಲಿ ಸಿಕ್ಕಿಕೊಳ್ಳುವ ಅಗತ್ಯವಿಲ್ಲ. ಬೆಳ್ತಂಗಡಿಯವರಿಗೆ ಗುರುವಾಯನಕೆರೆಯಲ್ಲಿ ದಾರಿ ಕವಲಾಗುತ್ತದೆ. ಒಂದು ವೇಣೂರು, ಮೂಡುಬಿದಿರೆ ಮೂಲಕ, ಇನ್ನೊಂದು ಮಡಂತ್ಯಾರು, ಪುಂಜಾಲಕಟ್ಟೆ, ಬಂಟ್ವಾಳದ ಮೂಲಕ. ಹೆದ್ದಾರಿ ಕೆಲಸ ಎಲ್ಲಿ ನಡೆಯುತ್ತಿದೆ, ಯಾವ ಸೇತುವೆಯಲ್ಲಿ ಘನವಾಹನ ಬಿಡುತ್ತಿಲ್ಲ ಎಂದು ಹಿಂದಿನ ದಿನ ಆ ದಾರಿಯಲ್ಲಿ ಓಡಾಡಿದ ಯಾರನ್ನಾದರೂ ಕೇಳಿ. ಮೊಬೈಲಿನ ನಕ್ಷೆಗಿಂತ ಬಸ್ಸಿನ ಡ್ರೈವರಣ್ಣನಿಗೆ ಹೆಚ್ಚು ಗೊತ್ತಿರುತ್ತದೆ.

• ಊರಿನ ಕ್ಯಾಲೆಂಡರ್ ನೋಡದೆ ಟಿಕೆಟ್ ಮಾಡಬೇಡಿ. ಧರ್ಮಸ್ಥಳದ ಲಕ್ಷದೀಪದ ದಿನಗಳಲ್ಲಿ ಉಜಿರೆ ರಸ್ತೆ, ಆಳ್ವಾಸ್ ವಿರಾಸತ್ ಮತ್ತು ಕಡಲಕೆರೆಯ ಕಂಬಳದ ದಿನಗಳಲ್ಲಿ ಮೂಡುಬಿದಿರೆ ರಸ್ತೆ ಎಂದಿನಂತೆ ಇರುವುದಿಲ್ಲ.

• ಬೆಂಗಳೂರಿನಿಂದ ವಿಮಾನ ಹಿಡಿಯುವವರು ಮಳೆಗಾಲದಲ್ಲಿ ಒಂದು ಇಡೀ ದಿನ ಕೈಯಲ್ಲಿಟ್ಟುಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ವಾಹನ ಸಂಚಾರವೇ ನಿಂತುಹೋಗಿತ್ತು. ಶಿರಾಡಿಯೂ ಜೋರು ಮಳೆಗೆ ಎಷ್ಟೋ ಸಲ ಮುಚ್ಚಿದೆ. ಎರಡೂ ಮುಚ್ಚಿದರೆ ಸುತ್ತುದಾರಿಯೇ ಗತಿ. ಘಾಟಿ ದಾಟಿದ ಮೇಲೂ ಕೆಲಸ ಮುಗಿಯಲಿಲ್ಲ. 2008ರಲ್ಲಿ ಹಳೆಯ ಎಚ್‌ಎಎಲ್ ನಿಲ್ದಾಣದ ಬದಲು ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ಆದಾಗಿನಿಂದ, ನಮ್ಮ ಕಡೆಯ ರಾತ್ರಿ ಬಸ್ಸು ಊರೊಳಗೆ ಇಳಿಸಿದರೆ ಅಲ್ಲಿಂದ ಮತ್ತೆ ಒಂದೂವರೆ, ಎರಡು ಗಂಟೆಯ ದಾರಿ. ಆಕಾಶದಲ್ಲಿ ಮಂಗಳೂರು–ಬೆಂಗಳೂರು ಬರೀ 300 ಕಿ.ಮೀ., ಒಂದು ಗಂಟೆ. ದೂರದ ಪ್ರಯಾಣದಲ್ಲಿ ಆ ತುಂಡನ್ನೂ ಒಂದೇ ಟಿಕೆಟಿನಲ್ಲಿ ಸೇರಿಸಿಕೊಂಡರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದೆ ಕಳಿಸಿಕೊಡುವ ಹೊಣೆ ವಿಮಾನ ಕಂಪನಿಯದು. ಬೇರೆ ಬೇರೆಯಾಗಿ ಕೊಂಡರೆ ಆ ನಷ್ಟ ನಿಮ್ಮ ತಲೆಗೆ. ಎರಡು ಸಾವಿರ ಉಳಿಸಲು ಹೋಗಿ ಎಪ್ಪತ್ತು ಸಾವಿರದ ಟಿಕೆಟ್ ಕಳೆದುಕೊಳ್ಳುವುದು ಬೇಡ.

• ನಡುರಾತ್ರಿಯ ವಿಮಾನ ಅಂದರೆ ತಾರೀಕನ್ನು ಎರಡು ಸಲ ಓದಿ. ಟಿಕೆಟಿನಲ್ಲಿ 15ನೇ ತಾರೀಕು 00.40 ಅಂತ ಇದ್ದರೆ ನೀವು ಮನೆ ಬಿಡಬೇಕಾದ್ದು 14ರ ಸಂಜೆ. 15ರ ರಾತ್ರಿ ಊಟ ಮಾಡಿ ಹೊರಟರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಓದಿದವರೂ ಇಲ್ಲಿ ಎಡವುತ್ತಾರೆ, ಅದಕ್ಕೊಂದು ಕಾರಣ ಇದೆ. ನಮ್ಮ ಪಂಚಾಂಗದಲ್ಲಿ ದಿನ ಹುಟ್ಟುವುದು ಸೂರ್ಯೋದಯಕ್ಕೆ. ಯಕ್ಷಗಾನ ನೋಡಿ ಬೆಳಗಿನ ಜಾವ ಮನೆಗೆ ಬಂದರೂ ನಮ್ಮ ಬಾಯಲ್ಲಿ ಅದು "ನಿನ್ನೆ ರಾತ್ರಿಯ ಆಟ". ಟಿಕೆಟಿನ ದಿನ ಹುಟ್ಟುವುದು ಮಧ್ಯರಾತ್ರಿ ಹನ್ನೆರಡಕ್ಕೆ. ಕೊಲ್ಲಿಯ ವಿಮಾನಗಳಲ್ಲಿ ಬಹಳಷ್ಟು ರಾತ್ರಿಯವೇ ಆದ್ದರಿಂದ, ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕಿನ ಬದಲು "ಗುರುವಾರ ಸಂಜೆ ಐದಕ್ಕೆ ಮನೆ ಬಿಡುವುದು" ಅಂತ ವಾರ ಹಾಕಿ ಕನ್ನಡದಲ್ಲಿ ಬರೆದಿಡಿ. ಮನೆಯವರೆಲ್ಲ ಓದಲಿ. ನಾಲ್ಕು ಕಣ್ಣು ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ.

• ಟಿಕೆಟಿನಲ್ಲಿ ಹೊರಡುವ ಹೊತ್ತು ಇಲ್ಲಿನದು, ಇಳಿಯುವ ಹೊತ್ತು ಅಲ್ಲಿನದು. ಬಜಪೆಯಿಂದ ರಾತ್ರಿ 9.10ಕ್ಕೆ ಹೊರಟು ದುಬೈಯಲ್ಲಿ 11.15ಕ್ಕೆ ಇಳಿದರೆ ಕಳೆಯುವ ಲೆಕ್ಕದಲ್ಲಿ ಎರಡು ಗಂಟೆ ಐದು ನಿಮಿಷ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅದನ್ನು ಕೂಡಿಸಿದಾಗ ಸಿಗುವ ಮೂರು ಗಂಟೆ ಮೂವತ್ತೈದು ನಿಮಿಷವೇ ನಿಜವಾದ ಹಾರಾಟ. ಬರುವಾಗ ಕಳೆಯಬೇಕು: ದುಬೈಯಿಂದ 12.45ಕ್ಕೆ ಹೊರಟು ಬೆಳಿಗ್ಗೆ 5.30ಕ್ಕೆ ಮಂಗಳೂರು ಅಂದರೆ ನಾಲ್ಕೂ ಮುಕ್ಕಾಲು ಗಂಟೆ ಕಾಣುತ್ತದೆ, ನಿಜವಾಗಿ ಮೂರೂಕಾಲು. ಯುಎಇ ಮತ್ತು ಒಮಾನಿಗೆ ಒಂದೂವರೆ ಗಂಟೆಯ ವ್ಯತ್ಯಾಸ. ಸೌದಿ, ಕುವೈತ್, ಕತಾರ್, ಬಹರೈನಿಗೆ ಎರಡೂವರೆ. ಪಶ್ಚಿಮಕ್ಕೆ ಹೋಗುವಾಗ ಕೂಡು, ಪೂರ್ವಕ್ಕೆ ಬರುವಾಗ ಕಳೆ. ಎಂಟನೆಯ ತರಗತಿಯ ಲೆಕ್ಕ ಇಷ್ಟೇ.

ಈ ವ್ಯತ್ಯಾಸ ಬಂದದ್ದು ಹೇಗೆಂದು ಕೇಳುವ ಮಕ್ಕಳಿಗೆ ಒಂದು ಮಾತು. ಭೂಮಿ ಗಂಟೆಗೆ 15 ರೇಖಾಂಶದಷ್ಟು ತಿರುಗುತ್ತದೆ. ಭಾರತದ ಗಡಿಯಾರ ನಿಂತಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಾವಿರುವುದು ಸುಮಾರು 75ರಲ್ಲಿ. ಏಳೂವರೆ ಡಿಗ್ರಿ ಪಶ್ಚಿಮಕ್ಕೆ ಇರುವುದರಿಂದ ನಮ್ಮ ಅಂಗಳದಲ್ಲಿ ಸೂರ್ಯ ನಡುನೆತ್ತಿಗೆ ಬರುವಾಗ ಗಡಿಯಾರದಲ್ಲಿ ಹೆಚ್ಚುಕಡಿಮೆ ಹನ್ನೆರಡೂವರೆ. ಅಂದರೆ ಮೂಡುಬಿದಿರೆಯಲ್ಲಿ ಕುಳಿತವರು ಕೂಡ ಇನ್ನೊಂದು ಊರಿನ ಸೂರ್ಯನ ಲೆಕ್ಕದಲ್ಲೇ ಬದುಕುತ್ತಿದ್ದಾರೆ.

• ಹೋಗುವಾಗ ಹೆಚ್ಚು, ಬರುವಾಗ ಕಡಿಮೆ ಹೊತ್ತು ತೋರಿಸಿದರೆ ಗಾಬರಿ ಬೇಡ. ವಿಮಾನ ಹಾರುವ ಹತ್ತು, ಹನ್ನೊಂದು ಕಿ.ಮೀ. ಎತ್ತರದಲ್ಲಿ, ಚಳಿಗಾಲದಲ್ಲಿ ಮುಖ್ಯವಾಗಿ, ಅರೇಬಿಯಾ ಮತ್ತು ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಊರಿಗೆ ಬರುವಾಗ ಅದು ಬೆನ್ನಿಗಿರುತ್ತದೆ, ಹೋಗುವಾಗ ಎದುರಿಗೆ.

• ದೂರ ಅಂದರೆ ಬೇರೆ ದೇಶ, ಹತ್ತಿರ ಅಂದರೆ ನಮ್ಮ ದೇಶ ಅಂದುಕೊಳ್ಳಬೇಡಿ. ಮಂಗಳೂರಿನಿಂದ ನೇರ ಗೆರೆ ಎಳೆದರೆ ಮಸ್ಕತ್ ಸುಮಾರು 2,110 ಕಿ.ಮೀ., ದುಬೈ 2,460, ಅಬುಧಾಬಿ 2,480, ದೋಹಾ 2,800, ದಮ್ಮಾಮ್ 3,000ಕ್ಕೆ ಸ್ವಲ್ಪ ಮೇಲೆ, ಕುವೈತ್ 3,300, ಉಮ್ರಾಕ್ಕೆ ಹೋಗುವವರು ಇಳಿಯುವ ಜಿದ್ದಾ 3,900. ನಮ್ಮದೇ ಶ್ರೀನಗರ ಸುಮಾರು 2,340. ಮಸ್ಕತ್ ನಮಗೆ ಶ್ರೀನಗರಕ್ಕಿಂತ ಹತ್ತಿರ. ತರಗತಿಯಲ್ಲಿ ಈ ಮಾತು ಹೇಳಿದಾಗ ಮಕ್ಕಳು ನಂಬುತ್ತಿರಲಿಲ್ಲ. ನಕ್ಷೆಯ ಮೇಲೆ ಅಳೆದು ನೋಡಿ ಸುಮ್ಮನಾಗುತ್ತಿದ್ದರು. ಮಗನನ್ನು ಒಮಾನಿಗೆ ಕಳಿಸಿದ ತಾಯಿಗೂ ಇದನ್ನು ಹೇಳಿ ನೋಡಿ. ಸ್ವಲ್ಪ ಧೈರ್ಯ ಬರುತ್ತದೆ.

• ಅಮೆರಿಕಕ್ಕೆ ಹೋಗುವವರು ಗೋಡೆಯ ನಕ್ಷೆ ಬಿಟ್ಟು ಗ್ಲೋಬ್ ಹಿಡಿಯಿರಿ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಸಮುದ್ರದ ಮೇಲೆ ಅಡ್ಡಡ್ಡ ಹೋಗುವುದಿಲ್ಲ, ಉತ್ತರ ಧ್ರುವದ ಕಡೆಗೆ ಏರಿ ಆಚೆ ಇಳಿಯುತ್ತದೆ. ಉರುಟು ಭೂಮಿಯ ಮೇಲೆ ಅದೇ ಅತಿ ಹತ್ತಿರದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಎಲ್ಲೂ ನಿಲ್ಲದ ವಿಮಾನ ಶುರುಮಾಡಿದಾಗ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಗಿದ್ದ ಪೈಲಟ್‌ಗಳು, ಎಲ್ಲರೂ ಹೆಂಗಸರು, ಧ್ರುವದ ದಾರಿಯಲ್ಲೇ ಅದನ್ನು ತಂದರು. ದೂರ 13,993 ಕಿ.ಮೀ., ಹಾರಾಟ ಹದಿನೇಳು ಗಂಟೆ. ಅಲ್ಲಿ 9ರ ರಾತ್ರಿ ಹೊರಟದ್ದು ಇಲ್ಲಿ 11ರ ನಸುಕಿಗೆ ಇಳಿಯಿತು. ಕ್ಯಾಲೆಂಡರ್ ನೋಡಿದವರಿಗೆ ಎರಡು ದಿನ ಕಂಡೀತು. ಆ ದಿನ ನನ್ನ ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಫೋನ್ ಮಾಡಿ ಸುದ್ದಿ ಹೇಳಿದ್ದೇನೆ. ನಮ್ಮ ಹೆಣ್ಣುಮಕ್ಕಳಿಗೆ ಭೂಗೋಳ ಕಲಿಸಿದ್ದು ಇದಕ್ಕೇ ಅನಿಸಿತ್ತು.

ಇಂಥ ಹಾರಾಟ ಬಜಪೆಯಿಂದ ಯಾಕಿಲ್ಲ ಅಂತ ಕೇಳುವವರಿದ್ದಾರೆ. ನಮ್ಮ ನಿಲ್ದಾಣ ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ್ದು. ರನ್‌ವೇ 2,450 ಮೀಟರ್. ಹದಿನೇಳು ಗಂಟೆಗೆ ಬೇಕಾದ ಇಂಧನ ತುಂಬಿಕೊಂಡ ದೊಡ್ಡ ವಿಮಾನ ಏಳಬೇಕಾದರೆ ಅದಕ್ಕಿಂತ ಉದ್ದದ ನೆಲ ಬೇಕು. ದೇವನಹಳ್ಳಿಯ ರನ್‌ವೇಗಳು 4,000 ಮೀಟರ್ ಇವೆ. ಆದ್ದರಿಂದ ಅಮೆರಿಕ, ಲಂಡನ್‌ಗೆ ಹೋಗುವವರು ಬೆಂಗಳೂರಲ್ಲೋ ಮುಂಬೈಯಲ್ಲೋ ಕೊಲ್ಲಿಯಲ್ಲೋ ವಿಮಾನ ಬದಲಿಸಲೇಬೇಕು. ಬದಲಿಸುವ ಕಡೆ ಮೂರು ಗಂಟೆ ಇರಲಿ. ಒಂದೂಕಾಲು ಗಂಟೆಯ ಸಂಪರ್ಕ ಎಷ್ಟು ಅಗ್ಗವಾದರೂ ವಯಸ್ಸಾದವರ ಹೆಸರಿನಲ್ಲಿ ಕೊಳ್ಳಬೇಡಿ.

• ನಿಮ್ಮ ಅಜ್ಜ, ದೊಡ್ಡಪ್ಪಂದಿರು ಎಷ್ಟು ಹೊತ್ತು ಪ್ರಯಾಣ ಮಾಡಿದರು ಎಂದು ಹೊರಡುವ ಮುಂಚೆ ಒಂದು ಸಲ ಕೇಳಿಕೊಳ್ಳಿ. ಬಜಪೆಯಲ್ಲಿ 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ನಿಲ್ದಾಣ ಶುರುವಾದರೂ, ಅದರ ಹಳೆಯ ರನ್‌ವೇ 1,600 ಮೀಟರಿನಷ್ಟೇ ಇತ್ತು. ಕೊಲ್ಲಿಗೆ ನೇರ ಹಾರಾಟ ಬಂದದ್ದು ಹೊಸ ರನ್‌ವೇ ಆದ ಮೇಲೆ, 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ನಮ್ಮವರು ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದು ಬೊಂಬಾಯಿ ಸೇರಬೇಕು, ನೆಂಟರ ಖೋಲಿಯಲ್ಲಿ ವೀಸಾಕ್ಕೋ ಟಿಕೆಟಿಗೋ ದಿನಗಟ್ಟಲೆ ಕಾಯಬೇಕು, ಆಮೇಲೆ ವಿಮಾನ. ಅದಕ್ಕೂ ಹಿಂದಿನವರು ಹಡಗು ಹತ್ತಿದವರು. ಬೊಂಬಾಯಿಯಿಂದ ಕೊಲ್ಲಿಯ ಬಂದರುಗಳಿಗೆ ಹೋಗುತ್ತಿದ್ದ 'ದ್ವಾರಕಾ' ಹಡಗು 1982ರವರೆಗೂ ಓಡಿತು. ಅವರ ಪತ್ರ ಊರಿಗೆ ಮುಟ್ಟಲು ವಾರಗಳು ಬೇಕಿದ್ದವು. ಇದನ್ನು ನೀವು ತಿಳಿದಿರಬೇಕು. ನಿಮಗೆ ಮೂರೂವರೆ ಗಂಟೆಯ ದಾರಿ ಆಗಿದ್ದು ಅವರು ಬೊಂಬಾಯಿಯ ಬೀದಿಗಳಲ್ಲಿ ಕಾದದ್ದರಿಂದ, ಊರಿನ ನಿಲ್ದಾಣದಿಂದಲೇ ಹಾರಾಟ ಬೇಕೆಂದು ವರ್ಷಗಟ್ಟಲೆ ಕೇಳಿದ್ದರಿಂದ.

• ಇಳಿಯಬೇಕಾದ ವಿಮಾನ ಮತ್ತೆ ಮೇಲಕ್ಕೇರಿದರೆ, ಬೇರೆ ಊರಿಗೆ ತಿರುಗಿದರೆ, ಸಿಬ್ಬಂದಿಯ ಮೇಲೆ ಸಿಟ್ಟಾಗಬೇಡಿ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಕೆಂಜಾರಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಉಳಿದವರು ಎಂಟೇ ಮಂದಿ. ಇಳಿಯುವ ಕ್ರಮ ಸರಿಯಾಗಿಲ್ಲ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದರೂ ಇಳಿಸಲು ಹೊರಟದ್ದೇ ಕಾರಣ ಎಂದು ತನಿಖೆ ಹೇಳಿತು. ಕೂಳೂರು–ತಣ್ಣೀರುಬಾವಿ ರಸ್ತೆಯಲ್ಲಿ ಆ ದಿನದ ಸ್ಮಾರಕ ಉದ್ಯಾನ ಇದೆ. ಒಮ್ಮೆಯಾದರೂ ಹೋಗಿ ನಿಂತು ಬನ್ನಿ. ಮಳೆಗಾಲದಲ್ಲಿ ಮೋಡ ಕೆಳಗಿಳಿದಾಗ ಕಣ್ಣೂರಿಗೋ ಬೆಂಗಳೂರಿಗೋ ಒಯ್ದು ಇಳಿಸಿದರೆ ನಾಲ್ಕೈದು ಗಂಟೆ ತಡವಾದೀತು. ಆಗಲಿ. ಅಂಥ ತಡಕ್ಕೆ ಜಾಗ ಇಟ್ಟುಕೊಂಡೇ ಮದುವೆಯ ಮುಹೂರ್ತಕ್ಕೆ ಎರಡು ದಿನ ಮೊದಲಿನ ಟಿಕೆಟ್ ಮಾಡಿ.

• ಆಕಾಶದ ದಾರಿಯೂ ಮುಚ್ಚುತ್ತದೆ. 2019ರಲ್ಲಿ ಫೆಬ್ರವರಿಯಿಂದ ಜುಲೈವರೆಗೆ, ಮತ್ತೆ 2025ರ ಏಪ್ರಿಲಿನಲ್ಲಿ, ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಯುರೋಪ್, ಅಮೆರಿಕಕ್ಕೆ ಹೋಗುವ ಭಾರತದ ವಿಮಾನಗಳು ಸುತ್ತಿ ಹೋಗಬೇಕಾಯಿತು. 2025ರ ಜೂನಿನಲ್ಲಿ ಕತಾರ್ ಕೆಲವು ಗಂಟೆ ಇಡೀ ಆಕಾಶವನ್ನೇ ಮುಚ್ಚಿತು. ಕಳೆದ ವರ್ಷ ಅಣ್ಣ ಹೋದಾಗ ಇಷ್ಟೇ ಹೊತ್ತು ಹಿಡಿದಿತ್ತು ಅನ್ನುವ ಲೆಕ್ಕ ಈ ವರ್ಷಕ್ಕೆ ಆಗಲಿಕ್ಕಿಲ್ಲ. ಹೊರಡುವ ಹಿಂದಿನ ದಿನ ಒಂದು ಸಲ, ಕಾರು ಹತ್ತುವ ಮೊದಲು ಇನ್ನೊಂದು ಸಲ ವಿಮಾನದ ಹೊತ್ತು ನೋಡಿ.

• ಮಗಳ ಬಾಣಂತನಕ್ಕೆ ಅಮೆರಿಕಕ್ಕೋ ಲಂಡನ್‌ಗೋ ಹೊರಟ ಅಮ್ಮಂದಿರಿಗೆ ಬೇರೆಯೇ ಮಾತು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಹನ್ನೆರಡು, ಹದಿಮೂರು ಗಂಟೆ ಗಡಿಯಾರ ಹಿಂದೆ ಹೋಗುವ ಊರಿಗೆ ಹೋಗುವ ಮೊದಲು ಯಾವ ಹೊತ್ತಿಗೆ ಎಷ್ಟು ಎಂದು ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಅಂದಾಜಿನಲ್ಲಿ ಮಾಡಬೇಡಿ. ಗಂಟೆಗೊಮ್ಮೆ ಎದ್ದು ನಡೆಯಿರಿ. ಹೊತ್ತುಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ. ಪಕ್ಕದವರನ್ನು ಎಬ್ಬಿಸಬೇಕಲ್ಲ ಅಂತ ನೀರು ಕುಡಿಯದೆ ಕೂರುವವರು ನಮ್ಮ ಹೆಂಗಸರಲ್ಲಿ ಬಹಳ. ಹಾಗೆ ಮಾಡಬೇಡಿ, ಓಣಿಯ ಪಕ್ಕದ ಸೀಟು ಕೇಳಿ ಪಡೆಯಿರಿ. ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿಸಿ. ಅದರಲ್ಲಿ ಅವಮಾನ ಏನೂ ಇಲ್ಲ. ಭಾಷೆ ಬಾರದ ನಿಲ್ದಾಣದಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಕೈಹಿಡಿದು ಸೇರಿಸುವವರು ಆ ವೀಲ್‌ಚೇರ್ ತಳ್ಳುವವರೇ. ಮಗಳ ವಿಳಾಸ, ಫೋನ್ ನಂಬರ್ ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಡಿ, ಮೊಬೈಲ್ ಚಾರ್ಜ್ ಮುಗಿದರೂ ಕಾಗದ ಮಾತಾಡುತ್ತದೆ.

ಹೋದ ಮೇಲೆ ವಾರವಿಡೀ ನಡುರಾತ್ರಿ ಎಚ್ಚರ, ನಡುಹಗಲು ನಿದ್ದೆ. ಅದು ಕಾಯಿಲೆಯಲ್ಲ. ಮೈಯೊಳಗಿನ ಗಡಿಯಾರ ಹೊಸ ಊರಿಗೆ ಹೊಂದಿಕೊಳ್ಳಲು ಗಂಟೆಗೊಂದು ದಿನದಂತೆ ಹೊತ್ತು ಬೇಕು. ಹಗಲಿನ ಬೆಳಕಿಗೆ ಹೊರಗೆ ನಡೆದರೆ ಬೇಗ ಸರಿಹೋಗುತ್ತದೆ. ಅದಕ್ಕೇ ಹೆರಿಗೆಯ ದಿನಕ್ಕೆ ಹದಿನೈದು ದಿನ ಮೊದಲು ಹೋಗಿ ಎಂದು ಹೇಳುವುದು. ಮಗು ಬಂದ ಮೇಲೆ ನಿದ್ದೆಯ ಮಾತೇ ಇಲ್ಲ.

• ಚೀಲದಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಒಣಮೀನು ಹಾಕಿಕೊಡುವ ಪ್ರೀತಿ ಇರಲಿ. ಆದರೆ ಕೊಲ್ಲಿಗೆ ಗಸಗಸೆ ಬೇಡವೇ ಬೇಡ. ನಮಗೆ ಅದು ಪಾಯಸ, ಅಲ್ಲಿ ಅದು ಜೈಲಿಗೆ ಕಳಿಸುವ ವಸ್ತು. ಯುಎಇಗೆ ವೀಳ್ಯದೆಲೆಯೂ ಕೂಡದು. ಒಣಕೊಬ್ಬರಿ ಬೆಂಕಿ ಹಿಡಿಯುವ ವಸ್ತು ಅಂತ ವಿಮಾನದ ಲಗೇಜಿಗೆ ಬಿಡುವುದಿಲ್ಲ. ಬೇರೆಯವರು "ಅಲ್ಲಿ ಒಬ್ಬರಿಗೆ ಕೊಡಿ" ಅಂತ ಕಟ್ಟಿ ತಂದ ಪೊಟ್ಟಣವನ್ನು ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಅವರು ಬೇಸರಪಟ್ಟರೆ ಪಟ್ಟುಕೊಳ್ಳಲಿ.

• ಫೋನ್ ಮಾಡುವ ಹೊತ್ತನ್ನು ಮೊದಲೇ ಮಾತಾಡಿಕೊಳ್ಳಿ. ಇಲ್ಲಿ ರಾತ್ರಿ ಎಂಟು ಅಂದರೆ ದುಬೈಯಲ್ಲಿ ಆರೂವರೆ, ದೋಹಾದಲ್ಲಿ ಐದೂವರೆ. ಮಗ ಕೆಲಸ ಮುಗಿಸಿ ದಾರಿಯಲ್ಲಿರುತ್ತಾನೆ. ಕ್ಯಾಲಿಫೋರ್ನಿಯಾದ ಸಂಜೆ ನಮ್ಮ ಮರುದಿನದ ಬೆಳಿಗ್ಗೆ. ಅಲ್ಲಿ ಮಾರ್ಚಿನ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ ವ್ಯತ್ಯಾಸ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ. ದಿನಾ ಏಳಕ್ಕೆ ಬರುತ್ತಿದ್ದ ಫೋನ್ ಎಂಟಕ್ಕೆ ಬಂದರೆ ಮಗಳಿಗೆ ಏನೋ ಆಗಿದೆ ಅಂತ ಅಳಬೇಡಿ.

• ಇನ್ನು ಹೇಳಲು ಕಷ್ಟವಾದ ಮಾತು. ಹೊರಡುವ ಮೊದಲು ಮನೆಯವರ ಜೊತೆ ಕೂತು ಇದನ್ನೊಂದು ಸಲ ಮಾತಾಡಿಬಿಡಿ. ಊರಲ್ಲಿ ಅಪ್ಪನಿಗೋ ಅಮ್ಮನಿಗೋ ಹೆಚ್ಚುಕಮ್ಮಿ ಆದರೆ ಎಷ್ಟು ಹೊತ್ತಿನಲ್ಲಿ ಬರಬಹುದು? ಕೊಲ್ಲಿಯಿಂದ, ರಜೆ ಮತ್ತು ಟಿಕೆಟ್ ಸಿಕ್ಕಿದರೆ, ಒಂದು ದಿನದೊಳಗೆ. ಅಮೆರಿಕದಿಂದ ಎಷ್ಟು ಬೇಗ ಹೊರಟರೂ ಒಂದೂವರೆ ದಿನ, ಎರಡು ದಿನ. ಈ ಲೆಕ್ಕ ಎರಡೂ ಕಡೆ ಗೊತ್ತಿರಬೇಕು. ನಮ್ಮ ಊರುಗಳ ಬಹಳಷ್ಟು ಮನೆಗಳಲ್ಲಿ ಮಣ್ಣು ಮಾಡುವುದನ್ನು, ಸುಡುವುದನ್ನು ಮುಂದೂಡುವ ರೂಢಿ ಇಲ್ಲ. ಮಗ ಬರುವವರೆಗೆ ಕಾಯುವುದೋ ಬೇಡವೋ ಎಂದು ಅಳುವ ಹೊತ್ತಿನಲ್ಲಿ ವಾದ ಮಾಡುವ ಮನೆಗಳನ್ನು ನೋಡಿ ನನ್ನ ಕರುಳು ಕಿತ್ತುಬಂದಿದೆ. "ನಾನು ಇಷ್ಟು ಗಂಟೆಯಲ್ಲಿ ಬರಬಲ್ಲೆ, ಅದಕ್ಕಿಂತ ಹೆಚ್ಚಾದರೆ ಕಾಯಬೇಡಿ" ಅಂತ ಮಗನೇ ಮೊದಲು ಹೇಳಿಟ್ಟಿದ್ದರೆ ಉಳಿದವರ ಮೇಲಿನ ಭಾರ ಇಳಿಯುತ್ತದೆ.

ಹಾಗೆ ಬೇಗ ಬರಲು ತಯಾರಿ ಬೇಕು. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ. ಕೆಲಸಗಾರನ ಪಾಸ್‌ಪೋರ್ಟನ್ನು ಯಜಮಾನ ಇಟ್ಟುಕೊಳ್ಳುವುದು ಕೊಲ್ಲಿಯ ದೇಶಗಳಲ್ಲೂ ಕಾನೂನಿಗೆ ವಿರುದ್ಧ. ಒಂದು ಟಿಕೆಟಿನ ಹಣ ಯಾವಾಗಲೂ ಬೇರೆ ಇರಲಿ, ಹಬ್ಬಕ್ಕೂ ಮುಟ್ಟಬೇಡಿ. ಮಂಗಳೂರಿಗೆ ಎಲ್ಲ ಊರಿನಿಂದ ದಿನವೂ ವಿಮಾನ ಇರುವುದಿಲ್ಲ. ಕಣ್ಣೂರು, ಕೋಝಿಕ್ಕೋಡ್, ಬೆಂಗಳೂರು, ಮುಂಬೈ, ಯಾವುದು ಮೊದಲು ಸಿಗುತ್ತದೋ ಅದನ್ನು ಹಿಡಿಯಿರಿ. 2018ರಲ್ಲಿ ಕಣ್ಣೂರಿನ ನಿಲ್ದಾಣ ಆದದ್ದು ನಮಗೂ ಒಂದು ಉಪಕಾರ. ಅಲ್ಲಿಂದ ಬಂಟ್ವಾಳಕ್ಕೆ ಕಾರಿನಲ್ಲಿ ನಾಲ್ಕೈದು ಗಂಟೆ ಸಾಕು. ಊರಲ್ಲಿ ಇರುವವರೂ ನಿಜ ಹೇಳಿ. ಸಣ್ಣ ಜ್ವರಕ್ಕೆ "ಸೀರಿಯಸ್" ಅನ್ನುವುದು, ಐಸಿಯುನಲ್ಲಿ ಮಲಗಿಸಿ "ಏನಿಲ್ಲ ಮಗಾ" ಅನ್ನುವುದು, ಎರಡೂ ಅವನ ಹೊತ್ತನ್ನು ಕದಿಯುತ್ತವೆ.

• ಕೊನೆಯದಾಗಿ ಕರೆತರಲು ಹೋಗುವವರಿಗೆ. ಹಾರಾಟದ ನಂಬರ್ ಬರೆದಿಟ್ಟುಕೊಳ್ಳಿ, ಬರೀ "ಬೆಳಗಿನ ವಿಮಾನ" ಸಾಲದು. ಇಳಿಯುವ ಹೊತ್ತು 5.30 ಅಂದರೆ ಹೊರಗೆ ಬರುವುದು ಆರೂವರೆಗೆ. ಬೆಳ್ತಂಗಡಿಯಿಂದ ನಾಲ್ಕೂವರೆಗೆ ಹೊರಟರೆ ಧಾರಾಳ ಆಯಿತು, ಇಡೀ ಮನೆ ರಾತ್ರಿ ಹನ್ನೆರಡಕ್ಕೆ ಎದ್ದು ಕೂರಬೇಕಿಲ್ಲ. ರಾತ್ರಿ ಕಾರು ಬಿಡುವವನು ನಿದ್ದೆ ಮಾಡಿದ್ದಾನೋ ಇಲ್ಲವೋ ನೋಡಿ. ಹಗಲಿಡೀ ದುಡಿದವನನ್ನು ಎಬ್ಬಿಸಿ ಸ್ಟಿಯರಿಂಗ್ ಹಿಡಿಸಬೇಡಿ. ಎರಡು ಸೂಟ್‌ಕೇಸಿಗೆ ಜಾಗ ಇರುವ ಒಂದು ಕಾರು, ಇಬ್ಬರು ಜನ ಸಾಕು. ಜೂನ್, ಜುಲೈಯಲ್ಲಾದರೆ ಬಿ.ಸಿ.ರೋಡ್ ಮುಟ್ಟಿದಾಗ ಕಾರು ನಿಲ್ಲಿಸಿ, ವಿಮಾನ ಇಲ್ಲಿಗೇ ಬರುತ್ತಿದೆಯೋ ಬೇರೆ ಊರಿಗೆ ತಿರುಗಿದೆಯೋ ಎಂದು ಮೊಬೈಲಿನಲ್ಲಿ ಇನ್ನೊಮ್ಮೆ ನೋಡಿ, ಆಮೇಲೆ ಪೊಳಲಿ ದಾರಿ ಹಿಡಿಯಿರಿ.